ಬ್ರಿಟನ್ನಿನಲ್ಲಿ ಬಸುರಿಯರಿಗೆ: ಇಪ್ಪತ್ತನೇ ವಾರದ ಸ್ಕ್ಯಾನ್ ಮುಗಿದ ಮೇಲೆ

ಬೆಂಗಳೂರಿನಲ್ಲಿರುವ ಅಕ್ಕನಿಗೆ ಏಳನೇ ತಿಂಗಳಲ್ಲೊಂದು, ಒಂಬತ್ತರಲ್ಲೊಂದು ಸ್ಕ್ಯಾನ್ ಆಗಿರುತ್ತದೆ. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಎಲ್ಲರಿಗೂ ಮಾಡುವುದು ಎರಡೇ: 11ರಿಂದ 14 ವಾರದೊಳಗೆ ಒಂದು, 18ರಿಂದ 21ರೊಳಗೆ ಇನ್ನೊಂದು. ಆಮೇಲೆ ಹೆರಿಗೆಯವರೆಗೂ ಸ್ಕ್ಯಾನ್ ಇಲ್ಲ ಎಂದಾಗ ನಮ್ಮವರು ಗಾಬರಿಯಾಗುತ್ತಾರೆ. ಆದರೆ ಮಗು ಬೆಳೆಯುತ್ತಿದೆಯೇ ಎಂದು ನೋಡುವುದು ನಿಂತಿರುವುದಿಲ್ಲ. ಆ ಕೆಲಸ ಈಗ ಮಿಡ್‌ವೈಫ್, ಅಂದರೆ ಬಸುರಿಯರನ್ನು ನೋಡಿಕೊಳ್ಳುವ ತರಬೇತಾದ ಸೂಲಗಿತ್ತಿಯ ಕೈಯ ಅಳತೆ ಟೇಪಿನದು.

24 ವಾರ ಕಳೆದ ಮೇಲೆ ಪ್ರತಿ ಭೇಟಿಯಲ್ಲೂ ಆಕೆ ಹೊಟ್ಟೆ ಅಳೆದು ಚಾರ್ಟಿನಲ್ಲಿ ಚುಕ್ಕೆ ಇಡುತ್ತಾರೆ. ಒಂದು ಚುಕ್ಕೆಗಿಂತ ಚುಕ್ಕೆಗಳು ಹೋಗುವ ದಾರಿ ಮುಖ್ಯ. ಅದು ಏರದೆ ಚಪ್ಪಟೆಯಾದರೆ, ಚಾರ್ಟಿನಲ್ಲಿ ಮೊದಲೇ ಎಳೆದಿರುವ ಗೆರೆಯಿಂದ ಕೆಳಗಿಳಿದರೆ, ಬೆಳವಣಿಗೆಯ ಸ್ಕ್ಯಾನಿಗೆ ಕಳಿಸುತ್ತಾರೆ. ಹಾಗಾಗಿ ಚೆನ್ನಾಗಿದ್ದೇನೆಂದು ಭೇಟಿ ತಪ್ಪಿಸಬೇಡಿ. ಎರಡನೇ ಬಸಿರಿನಲ್ಲಂತೂ ಭೇಟಿಗಳೇ ಕಡಿಮೆ.

ಆ ಸ್ಕ್ಯಾನಿನಲ್ಲಿ ಮಗುವಿನ ತಲೆ, ಹೊಟ್ಟೆ, ತೊಡೆಮೂಳೆ ಅಳೆದು ತೂಕ ಅಂದಾಜಿಸುತ್ತಾರೆ. ಗರ್ಭದ ನೀರು ನೋಡುತ್ತಾರೆ, ಹೊಕ್ಕುಳಬಳ್ಳಿಯ ರಕ್ತದ ಹರಿವನ್ನು ಡಾಪ್ಲರ್ ಎಂಬ ಸ್ಕ್ಯಾನ್ ವಿಧಾನದಲ್ಲಿ ಪರೀಕ್ಷಿಸುತ್ತಾರೆ. ಅಷ್ಟೇ ವಾರ ತುಂಬಿದ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ತೀರಾ ಹಗುರಾದ ಹತ್ತರೊಳಗೆ ಬರುವ ಮಗುವನ್ನು 'ಸಣ್ಣದು' ಎನ್ನುತ್ತಾರೆ. ಅವರಲ್ಲಿ ಎಷ್ಟೋ ಮಕ್ಕಳು ಮೈಕಟ್ಟೇ ಸಣ್ಣ, ಆರೋಗ್ಯವಂತರು. ಮೂರರೊಳಗೆ ಬಂದರೆ ವಿಷಯ ಗಂಭೀರ. 37ನೇ ವಾರದಲ್ಲೇ ಹೆರಿಗೆ ಮಾಡಿಸುವ ಮಾತು ಬರಬಹುದು. ತೂಕದ ಅಂದಾಜು ಶೇ 10–15ರಷ್ಟು ಆಚೀಚೆ ಆಗಬಹುದು, ಆದ್ದರಿಂದ ಎರಡು ಮೂರು ವಾರ ಬಿಟ್ಟು ಮತ್ತೆ ಅಳೆಯುತ್ತಾರೆ. ನಡುವೆ ದುಡ್ಡು ಕೊಟ್ಟು ಹೊರಗೆ ಸ್ಕ್ಯಾನ್ ಮಾಡಿಸಿದರೆ ಗೊಂದಲ ಹೆಚ್ಚುವುದೇ ಜಾಸ್ತಿ ಎಂದು ನನ್ನ ಅಭಿಪ್ರಾಯ.

ಕೆಲವರಿಗೆ ಟೇಪು ಸಾಲದು: ಬಿಪಿ, ಕಿಡ್ನಿ ತೊಂದರೆ ಇರುವವರು, ಹಿಂದೆ ಸಣ್ಣ ಮಗು ಹೆತ್ತವರು, ಮಗುವನ್ನು ಕಳೆದುಕೊಂಡವರು, ಅವಳಿ ಹೊತ್ತವರು, ದೊಡ್ಡ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇರುವವರು. ಇವರಿಗೆ ಮೊದಲಿನಿಂದಲೇ ಸ್ಕ್ಯಾನ್‌ಗಳನ್ನು ಗೊತ್ತುಮಾಡುತ್ತಾರೆ. ಮೊದಲ ಹೆರಿಗೆ ಊರಲ್ಲಾಗಿದ್ದರೆ ಅದರ ಕಾಗದ ಇಲ್ಲಿಯವರ ಬಳಿ ಇರುವುದಿಲ್ಲ. ಡಿಸ್ಚಾರ್ಜ್ ಸಮ್ಮರಿಯನ್ನು ಅಮ್ಮನಿಂದ ವಾಟ್ಸಾಪಿನಲ್ಲಿ ತರಿಸಿಕೊಂಡು, ಮಗುವಿನ ತೂಕ ಎಷ್ಟಿತ್ತು, ಎಷ್ಟನೇ ವಾರದಲ್ಲಿ ಹುಟ್ಟಿತು ಎಂಬುದನ್ನು ಮೊದಲ ಭೇಟಿಯಲ್ಲೇ ತೋರಿಸಿ. ನೀವು ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯೇ ಇಲ್ಲ.

ಮಗು ಸಣ್ಣಗಿದೆ ಎಂದೊಡನೆ ಮನೆಯಲ್ಲಿ 'ಸರಿಯಾಗಿ ತಿನ್ನಲಿಲ್ಲ' ಎನ್ನುತ್ತಾರೆ. ಆ ಮಾತು ಬಸುರಿಯನ್ನು ಸುಮ್ಮನೆ ನೋಯಿಸುತ್ತದೆ. ಬೆಳವಣಿಗೆ ಕುಂಠಿತವಾಗಲು ಹೆಚ್ಚಾಗಿ ಕಾರಣ ಮಾಸು ಸರಿಯಾಗಿ ಕೆಲಸ ಮಾಡದಿರುವುದು; ಇನ್ನೆರಡು ತುತ್ತು ಹೆಚ್ಚು ತಿಂದರೆ ಅದು ಸರಿಹೋಗುವುದಿಲ್ಲ.

ಮಗುವಿನ ಅಲುಗಾಟ ಕಡಿಮೆಯಾದರೆ ಮಾತ್ರ ಮುಂದಿನ ಭೇಟಿಗೆ ಕಾಯಬೇಡಿ, ಬೆಳಗಾಗಲಿ ಎಂದೂ ಕಾಯಬೇಡಿ. ದಿನ ತುಂಬುತ್ತಾ ಬಂದಂತೆ ಅಲುಗಾಟ ತಗ್ಗುತ್ತದೆ ಎಂಬುದು ತಪ್ಪು. ನಡುರಾತ್ರಿಯಾದರೂ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಫೋನ್ ಮಾಡಿ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕೆಂದು ಕೇಳಿ, ಅದಕ್ಕೆ ಹಣ ಕೊಡಬೇಕಿಲ್ಲ.