ಮಣಿಕಟ್ಟಿಗೆ ಪೆಟ್ಟಾದ್ರೆ ಯಾವ ಸ್ಕ್ಯಾನ್, ಯಾವಾಗ?

ಗಾಡಿಯಿಂದ ಬಿದ್ದು ಅಂಗೈ ಊರಿದ್ರೆ ಎಲ್ಲರೂ ಮೊದ್ಲು ಮಾಡ್ಸೋದು ಎಕ್ಸ್‌ರೇ, ಅದು ಸರೀನೇ. ಆದ್ರೆ ನನ್ನ ತಮ್ಮನಿಗೆ ಎಕ್ಸ್‌ರೇ ನಾರ್ಮಲ್ ಇದೆ, ಬರೀ ಉಳುಕು ಅಂತ ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳ್ಸಿದ್ರು, ಎರಡು ತಿಂಗಳಾದ್ರೂ ಆಕ್ಸಿಲರೇಟರ್ ತಿರುಗ್ಸೋಕೆ ಆಗ್ತಿರ್ಲಿಲ್ಲ, ಕೊನೆಗೆ ನೋಡಿದ್ರೆ ಮಣಿಕಟ್ಟಲ್ಲಿ ಹೆಬ್ಬೆರಳ ಕಡೆ ಇರೋ ಸ್ಕೇಫಾಯ್ಡ್ ಅನ್ನೋ ಪುಟ್ಟ ಮೂಳೆ ಮುರಿದಿತ್ತು. ಆ ಮೂಳೆಗೆ ರಕ್ತ ಬೆರಳಿನ ಕಡೆಯಿಂದ ಹಿಂದಕ್ಕೆ ಹರಿಯೋದು, ಮಧ್ಯದಲ್ಲಿ ಮುರಿದ್ರೆ ಮೊಣಕೈ ಕಡೆಯ ತುಂಡು ರಕ್ತ ಇಲ್ದೆ ಸಾಯಬಹುದು, ಅದಕ್ಕೇ ತಡ ಮಾಡಬಾರದು.

ಹೆಬ್ಬೆರಳು ಮೇಲೆತ್ತಿದ್ರೆ ಅದರ ಬುಡದಲ್ಲಿ ಒಂದು ಗುಳಿ ಬೀಳುತ್ತಲ್ಲ, ಅಲ್ಲಿ ಒತ್ತಿದ್ರೆ ನೋವಾಗುತ್ತಾ ನೋಡಿ, ನೋವಾದ್ರೆ ಡಾಕ್ಟ್ರಿಗೆ ಬೆರಳಿಟ್ಟು ತೋರ್ಸಿ. ಮುಂಗೈಲಿ ಹೆಬ್ಬೆರಳ ಕಡೆ ಇರೋ ರೇಡಿಯಸ್ ಮೂಳೆ ಮಣಿಕಟ್ಟಿನ ತುದೀಲಿ ಮುರಿದಿದ್ರೆ ಮುಂದಿಂದ, ಪಕ್ಕದಿಂದ ತೆಗೆದ ಎಕ್ಸ್‌ರೇಲೇ ಸಾಮಾನ್ಯವಾಗಿ ಗೊತ್ತಾಗುತ್ತೆ. ಸ್ಕೇಫಾಯ್ಡ್‌ಗೆ ಕೈನ ಕಿರುಬೆರಳ ಕಡೆ ಬಾಗ್ಸಿ ಬೇರೆ ವ್ಯೂ ತೆಗೀಬೇಕು, ಅದನ್ನ ಕೇಳಿ ತೆಗೆಸ್ಕೊಳ್ಳಿ. ಅಷ್ಟಾದ್ರೂ ಮೊದಲನೇ ದಿನ ಬಿರುಕು ಕಾಣದೇ ಇರಬಹುದು.

ಕಾಣ್ಲಿಲ್ಲ, ನೋವು ಹಾಗೇ ಇದೆ ಅಂದ್ರೆ ಎರಡು ದಾರಿ. ಒಂದು, ಪ್ಲಾಸ್ಟರ್ ಹಾಕ್ಸಿ 10-14 ದಿನ ಬಿಟ್ಟು ಮತ್ತೆ ಎಕ್ಸ್‌ರೇ. ಇನ್ನೊಂದು ಎಂಆರ್‌ಐ, ರೇಡಿಯೇಷನ್ ಇಲ್ಲ, ಮೂಳೆ ಒಳಗಿನ ಊತ, ಲಿಗಮೆಂಟ್ (ಮೂಳೆಗಳನ್ನ ಹಿಡಿದಿಡೋ ನಾರು) ಪೆಟ್ಟು ಎಲ್ಲ ಬೇಗ ಕಾಣುತ್ತೆ, ಖರ್ಚು ಮಾತ್ರ ಜಾಸ್ತಿ, ಪೇಸ್‌ಮೇಕರ್ ಇದ್ರೆ ಮೊದಲೇ ಹೇಳ್ಬೇಕು. ನನ್ನ ಕೇಳಿದ್ರೆ ಗಾರೆ ಕೆಲಸದವ್ರು, ಡ್ರೈವರ್‌ಗಳಿಗೆ ಎಂಆರ್‌ಐನೇ ಒಳ್ಳೇದು, ಮುರಿದಿಲ್ಲ ಅಂತ ಗೊತ್ತಾದ್ರೆ ಎರಡು ವಾರದ ಕೂಲಿ ಉಳಿಯುತ್ತೆ.

ಸಿಟಿ ಸ್ಕ್ಯಾನ್ ಕೆಲಸ ಬೇರೆ. ಮುರಿದಿರೋದು ಗೊತ್ತಿದೆ, ತುಂಡು ಎಷ್ಟು ಜರುಗಿದೆ, ಕೀಲಿನ ಒಳಗೆ 2 ಮಿ.ಮೀ.ಗಿಂತ ಜಾಸ್ತಿ ಮೆಟ್ಟಿಲಿನ ಹಾಗೆ ಏರುಪೇರಾಗಿದ್ಯಾ, ಆಪರೇಷನ್ ಬೇಕಾ, ಆಮೇಲೆ ಮೂಳೆ ಕೂಡಿದ್ಯಾ, ಇದಕ್ಕೆಲ್ಲ ಸಿಟಿ. ಕೆಲವೇ ನಿಮಿಷ ಸಾಕು. ಆದ್ರೆ ಜರುಗದೇ ಇರೋ ಸಣ್ಣ ಬಿರುಕು ಹುಡುಕೋದ್ರಲ್ಲಿ ಎಂಆರ್‌ಐ ಮುಂದೆ ಸ್ವಲ್ಪ ಹಿಂದೆ. ಬೋನ್ ಸ್ಕ್ಯಾನ್ (ರೇಡಿಯೋ ಆಕ್ಟಿವ್ ಔಷಧಿ ಚುಚ್ಚಿ ಮೂಳೆ ನೋಡೋದು) ಈಗ ಎಂಆರ್‌ಐ ಆಗದವ್ರಿಗೆ ಮಾತ್ರ. ಮಕ್ಕಳ ಮುಂಗೈ ಮೂಳೆಗೆ ನುರಿತವ್ರು ಅಲ್ಟ್ರಾಸೌಂಡಲ್ಲೂ ನೋಡ್ತಾರೆ.

ಬೆರಳು ಜೋಮು ಹಿಡಿದ್ರೆ, ತಣ್ಣಗಾಗಿ ನೀಲಿ ಆದ್ರೆ, ಕೈ ಸೊಟ್ಟಗಾಗಿದ್ರೆ ಯಾವ ಸ್ಕ್ಯಾನ್ ಅಂತ ಯೋಚ್ನೆ ಮಾಡ್ತಾ ಕೂರ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ. ಎಕ್ಸ್‌ರೇ ಆಗೋವರೆಗೂ ನಾಟಿ ಕಟ್ಟು ಹಾಕ್ಸೋದು, ಎಣ್ಣೆ ಹಚ್ಚಿ ನೀವೋದು ದಯವಿಟ್ಟು ಬೇಡ.