ದವಡೆ ಟಕ್ ಅಂದರೆ ಬೆರಳಿಟ್ಟು ನೋಡುವುದು ಹೇಗೆ

"ರೊಟ್ಟಿ ತಿನ್ನಾಗ ಕಿವಿ ಹತ್ರ ಟಕ್ ಟಕ್ ಆವಾಜ್ ಬರ್ತದ್ರಿ" ಎಂದು ಹೇಳಿಕೊಂಡು ಬರುವವರು ಕಲಬುರಗಿಯ ಹಲ್ಲಿನ ದವಾಖಾನೆಗಳಲ್ಲಿ ಬಹಳ. ಕಡಕ್ ರೊಟ್ಟಿ ಅಗಿಯುವ ಊರಿದು, ದವಡೆಗೆ ಕೆಲಸ ಜಾಸ್ತಿ. ಆದರೆ ಆ ಸದ್ದನ್ನು ಪರೀಕ್ಷಿಸುವ ರೀತಿ ಮಾತ್ರ ನೋಡಿದರೆ ಬೇಜಾರಾಗುತ್ತದೆ. ಒಮ್ಮೆ ಬಾಯಿ ತೆರೆಸಿ, ಕೆನ್ನೆ ಒತ್ತಿ, "ಏನಿಲ್ಲ, ಹೋಗ್ರಿ" ಎಂದು ಕಳಿಸುತ್ತಾರೆ. ಇಲ್ಲವೇ ಮುಟ್ಟಿಯೂ ನೋಡದೆ ಎಂಆರ್‌ಐಗೆ ಬರೆದುಕೊಡುತ್ತಾರೆ. ಬೇಕಾಗಿರುವುದು ನಿಮ್ಮ ಬೆರಳು, ಒಂದು ಪ್ಲಾಸ್ಟಿಕ್ ಸ್ಕೇಲ್, ಸ್ವಲ್ಪ ತಾಳ್ಮೆ, ಅಷ್ಟೇ. ಹೊಸದಾಗಿ ಕೆಲಸಕ್ಕೆ ಸೇರಿದ ದಂತ ವೈದ್ಯರು, ಫಿಸಿಯೋಥೆರಪಿ ಮಾಡುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಮನೆಯವರ ದವಡೆ ನೋಡಬೇಕು ಎನ್ನುವವರಿಗೂ ಇದು ಅರ್ಥವಾಗುತ್ತದೆ.

ಮೊದಲು ಕೇಳಿ

ಕಳೆದ 30 ದಿನದಲ್ಲಿ ಸದ್ದು ಬಂದಿದೆಯಾ? ಯಾವ ಕಡೆ? ಸದ್ದಿನ ಜೊತೆ ನೋವು ಇದೆಯಾ? ದವಡೆ ಯಾವಾಗಲಾದರೂ ಸಿಕ್ಕಿಹಾಕಿಕೊಂಡು ಬಾಯಿ ತೆರೆಯದೆ ಹೋಗಿದೆಯಾ? ಇದು ಮುಖ್ಯ. ದವಡೆ ಕೀಲು ಎಲ್ಲ ಹೊತ್ತೂ ಒಂದೇ ಥರ ಇರುವುದಿಲ್ಲ. ಬೆಳಿಗ್ಗೆ ಟಕ್ ಅಂದದ್ದು ನಿಮ್ಮ ಮುಂದೆ ಸುಮ್ನೆ ಇದ್ದುಬಿಡಬಹುದು.

ಗುಟ್ಕಾ, ಅಡಿಕೆ ತಿನ್ನುತ್ತಾರಾ ಎಂದೂ ತಪ್ಪದೆ ಕೇಳಿ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಕೂಲರ್ ಬಂದ್ ಮಾಡಿ

ನಮ್ಮ ಬೇಸಿಗೆಯಲ್ಲಿ ಇದು ಯಾರಿಗೂ ಇಷ್ಟವಿಲ್ಲ, ಗೊತ್ತು. ಆದರೂ ಮಾಡಿ. ಫ್ಯಾನ್ ಕೂಡ. ರೋಗಿಯನ್ನು ನೇರವಾಗಿ ಕೂರಿಸಿ, ಮಲಗಿಸಬೇಡಿ. ಬಾಯಲ್ಲಿ ಚ್ಯೂಯಿಂಗ್ ಗಮ್, ಅಡಿಕೆ ಇದ್ದರೆ ಉಗುಳಿಸಿ.

ಬೆರಳು ಎಲ್ಲಿ, ಎಷ್ಟು ಭಾರ

ಎಲ್ಲರೂ ಎಡವುವುದು ಇಲ್ಲೇ.

ಕಿವಿ ತೂತಿನ ಮುಂದೆ ಮೆತ್ತನೆಯ ಚಿಕ್ಕ ಉಬ್ಬು ಇದೆ. ಅಲ್ಲಿಂದ ಕೆನ್ನೆ ಕಡೆಗೆ ಒಂದು ಬೆರಳಿನ ಅಗಲ ಬನ್ನಿ. ತೋರುಬೆರಳಿನ ತುದಿಯ ಮೆತ್ತನೆ ಭಾಗ ಅಲ್ಲಿಡಿ. ಬಾಯಿ ನಿಧಾನ ತೆರೆಯಲು ಹೇಳಿ. ಕೀಲಿನ ಗುಂಡು ಮುಂದಕ್ಕೆ ಸರಿದು, ಬೆರಳ ಕೆಳಗೆ ಸಣ್ಣ ಕುಳಿ ಬಿದ್ದರೆ ಜಾಗ ಸರಿಯಿದೆ. ಕುಳಿ ಬೀಳದಿದ್ದರೆ ನೀವು ಕೆನ್ನೆಯ ಸ್ನಾಯುವಿನ ಮೇಲೆ ಇದ್ದೀರಿ. ತುಸು ಹಿಂದಕ್ಕೆ, ಮೇಲಕ್ಕೆ ಬನ್ನಿ. ಗಟ್ಟಿ ಹಲ್ಲು ಕಚ್ಚಿಸಿದಾಗ ಬೆರಳ ಕೆಳಗೆ ಏನೋ ಉಬ್ಬಿದರೂ ಅದು ಸ್ನಾಯುವೇ, ಕೀಲಲ್ಲ.

ಈಗ ಭಾರ. ಬೆರಳು ಚರ್ಮಕ್ಕೆ ತಾಗಿರಬೇಕು, ಅಷ್ಟೇ. ಒತ್ತಬಾರದು. ಒತ್ತಿದರೆ ಎರಡು ತೊಂದರೆ ಇದೆ. ಕೀಲು ಓಡಾಡುವ ರೀತಿಯೇ ಬದಲಾಗಿ, ಇದ್ದ ಸದ್ದು ನಿಂತುಹೋಗಬಹುದು. ಜೊತೆಗೆ ಒತ್ತಿದ್ದಕ್ಕೆ ಆದ ನೋವನ್ನು ರೋಗಿ ಸದ್ದಿನ ನೋವು ಎಂದು ಹೇಳಿಬಿಡುತ್ತಾರೆ. ನೋವಿಗಾಗಿ ಒತ್ತಿ ನೋಡುವುದು ಬೇರೆ ಪರೀಕ್ಷೆ. ಅದನ್ನು ಕೊನೆಗೆ ಮಾಡಿ.

ಕಿರುಬೆರಳನ್ನು ಕಿವಿಯೊಳಗೆ ಹಾಕಿ ನೋಡುವ ಹಳೆಯ ರೂಢಿ ಕೆಲವರಿಗೆ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ರೋಗಿಗೆ ಕಿರಿಕಿರಿ, ಕಿವಿಯ ಮೆತ್ತನೆ ಎಲುಬಿನ ಸದ್ದೂ ಸೇರಿಕೊಳ್ಳುತ್ತದೆ.

ಒಂದು ಸಲಕ್ಕೆ ಒಂದೇ ಕಡೆ ನೋಡಿ. ಎರಡೂ ಕೈ ಒಟ್ಟಿಗೆ ಇಟ್ಟರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ದವಡೆ ಒಂದೇ ಎಲುಬು. ಬಲಗಡೆಯ ಟಕ್ ಎಡಗಡೆಗೂ ಹರಿದು ಬರುತ್ತದೆ. ಎರಡೂ ಕಡೆ ಸಿಕ್ಕಿತು ಅನಿಸಿದರೆ, ಎಲ್ಲಿ ಗುಂಡು ಜಿಗಿದದ್ದು ಬೆರಳಿಗೆ ಗೊತ್ತಾಗುತ್ತದೋ ಅದನ್ನೇ ನಂಬಿ. ರೋಗಿಯನ್ನೂ ಕೇಳಿ. ಅವರಿಗೆ ಸಾಮಾನ್ಯವಾಗಿ ಕಡೆ ಗೊತ್ತಿರುತ್ತದೆ.

ಮೂರು ಸಲ ತೆರೆಸಿ, ಮೂರು ಸಲ ಸರಿಸಿ

ಹಿಂದಿನ ಹಲ್ಲುಗಳು ಪೂರ್ತಿ ಕೂಡಿದ ಸ್ಥಿತಿಯಿಂದ ಶುರು ಮಾಡಿ. ಹೆಚ್ಚಿನವರು ಅರ್ಧ ತೆರೆದ ಬಾಯಿಂದ ಶುರು ಮಾಡಿಸುತ್ತಾರೆ, ಮುಚ್ಚುವಾಗಲೂ ಅರ್ಧಕ್ಕೆ ಬಿಡುತ್ತಾರೆ. ಮುಚ್ಚುವಾಗಿನ ಟಕ್ ಹಲ್ಲು ಕೂಡುವ ಹೊತ್ತಿಗೆ, ಸಣ್ಣಗೆ ಬರುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಅದು ಸಿಗುವುದೇ ಇಲ್ಲ. ನೋವಿದ್ದರೂ ಆದಷ್ಟು ಅಗಲ ತೆರೆಯಲಿ, ಮತ್ತೆ ಹಲ್ಲು ಕೂಡುವವರೆಗೆ ಮುಚ್ಚಲಿ. ಹೀಗೆ 3 ಸಲ. ಆಮೇಲೆ ದವಡೆಯನ್ನು ಬಲಕ್ಕೆ, ಎಡಕ್ಕೆ, ಮುಂದಕ್ಕೆ ಸರಿಸಲಿ. ಪ್ರತಿಯೊಂದೂ 3 ಸಲ.

ದವಡೆ ಕೀಲಿನ ತೊಂದರೆ ಗುರುತಿಸಲು 2014ರಲ್ಲಿ ಬಂದ ಡಿಸಿ/ಟಿಎಂಡಿ ಎಂಬ ಅಂತರರಾಷ್ಟ್ರೀಯ ಪರೀಕ್ಷಾ ಕ್ರಮ ಇದೇ. ಮೂರರಲ್ಲಿ ಒಂದು ಸಲ ಸಿಕ್ಕರೂ ಸದ್ದು ಇದೆ ಎಂದೇ ಲೆಕ್ಕ. ಒಂದೇ ಸಲ ತೆರೆಸಿ ಮುಗಿಸುವುದು ಅಡ್ಡದಾರಿ.

ಪ್ರತಿ ಚಲನೆ ಮುಗಿದಾಗ ರೋಗಿಯನ್ನು ಕೇಳಿ: ನಿಮಗೆ ಸದ್ದು ಕೇಳಿಸಿತಾ, ನೋವಾಯಿತಾ, ಇದು ದಿನಾ ಆಗುವ ನೋವೇನಾ? ಕೊನೆಯ ಪ್ರಶ್ನೆಯನ್ನು ಬಿಡುವವರೇ ಜಾಸ್ತಿ.

ಟಕ್ ಬೇರೆ, ಕರಕರ ಬೇರೆ

ದವಡೆಯ ಗುಂಡು ಮತ್ತು ತಲೆಬುರುಡೆಯ ನಡುವೆ ಒಂದು ತೆಳ್ಳನೆ ಡಿಸ್ಕ್ ಇದೆ. ಅದು ಮುಂದಕ್ಕೆ ಸರಿದಿದ್ದರೆ, ಬಾಯಿ ತೆರೆಯುವಾಗ ಗುಂಡು ಡಿಸ್ಕಿನ ಕೆಳಗೆ ಮತ್ತೆ ನುಗ್ಗುತ್ತದೆ. ಅದೇ ಟಕ್. ಚಿಕ್ಕದು, ಒಂದೇ, ಥಟ್ಟನೆ. ಮುಚ್ಚುವಾಗ ಡಿಸ್ಕಿನಿಂದ ಜಾರಿದರೆ ಇನ್ನೊಂದು ಟಕ್.

ಇದನ್ನು ಖಾತ್ರಿ ಮಾಡಿಕೊಳ್ಳಲು ಒಂದು ಉಪಾಯ ಇದೆ. ಕೆಳದವಡೆ ಮುಂದಕ್ಕೆ ತಂದು, ಮುಂದಿನ ಹಲ್ಲುಗಳ ತುದಿಗೆ ತುದಿ ಕೂಡಿಸಲಿ. ಅಲ್ಲಿಂದಲೇ ತೆರೆದು, ಅಲ್ಲಿಗೇ ಮುಚ್ಚಲಿ. ಟಕ್ ಮಾಯವಾದರೆ ಡಿಸ್ಕ್ ಸರಿದು ಮತ್ತೆ ಕೂರುತ್ತಿದೆ ಎಂಬುದಕ್ಕೆ ಬಲ ಬಂತು. ಬಾಯಿ ಪೂರ್ತಿ ಅಗಲವಾದಾಗ ಮಾತ್ರ, ದಡ್ ಎಂದು ದಪ್ಪ ಸದ್ದಿನೊಂದಿಗೆ ಗುಂಡು ಜಿಗಿದರೆ ಅದು ಬೇರೆ. ಕೀಲು ಎದುರಿನ ದಿಬ್ಬ ದಾಟಿ ಮುಂದೆ ಹೋಗುತ್ತಿದೆ. ಇಂಥವರಿಗೆ ಆಕಳಿಸುವಾಗ ಗದ್ದಕ್ಕೆ ಕೈ ಆಸರೆ ಕೊಡಲು ಹೇಳಿ.

ಕರಕರ ಎಂಬುದು ಎಳೆದ ಸದ್ದು. ಶಹಾಬಾದ್ ಫರ್ಸಿಯ ಮೇಲೆ ಉಸುಕು ಚೆಲ್ಲಿದಾಗ ಚಪ್ಪಲಿ ಎಳೆದ ಹಾಗೆ. ಕಿವಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಇದು ಕೀಲಿನ ಮೇಲ್ಮೈ ಸವೆದಿರುವ ಸೂಚನೆ. ಖಾತ್ರಿಗೆ ಸಿಟಿ ಸ್ಕ್ಯಾನ್ ಬೇಕು.

ಸ್ಕೇಲ್ ಹಿಡಿಯಿರಿ

ಮೇಲಿನ, ಕೆಳಗಿನ ಮುಂಹಲ್ಲುಗಳ ನಡುವಿನ ಅಂತರ ಅಳೆಯಿರಿ. ಟಕ್ ಬಂದಾಗ ಎಷ್ಟು, ಪೂರ್ತಿ ತೆರೆದಾಗ ಎಷ್ಟು ಎಂದು ಬರೆದಿಡಿ. ಮೇಲಿನ ಹಲ್ಲು ಕೆಳಗಿನದನ್ನು ಎಷ್ಟು ಮುಚ್ಚುತ್ತದೋ ಅದನ್ನೂ ಕೂಡಿಸಿ. ಒಟ್ಟು 40 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಎಚ್ಚರ.

ಮೊದಲು ಟಕ್ ಇತ್ತು, ಈಗ ನಿಂತಿದೆ, ಆದರೆ ಬಾಯಿ ಅಗಲ ತೆರೆಯುತ್ತಿಲ್ಲ, ಗದ್ದ ಒಂದು ಕಡೆಗೆ ಎಳೆಯುತ್ತದೆ ಎಂದರೆ ಸದ್ದು ಹೋದದ್ದಕ್ಕೆ ಖುಷಿಪಡಬೇಡಿ. ಡಿಸ್ಕ್ ಮುಂದೆ ಸಿಕ್ಕಿಕೊಂಡು, ಗುಂಡಿಗೆ ದಾರಿ ಇಲ್ಲದಂತಾಗಿರಬಹುದು. ತಡಮಾಡದೆ ತೋರಿಸಬೇಕು.

ಗುಟ್ಕಾ ಪ್ರಶ್ನೆ ಇಲ್ಲಿ ಬರುತ್ತದೆ. ಸದ್ದೇ ಇಲ್ಲದೆ ಬಾಯಿ ದಿನೇದಿನೇ ಕಿರಿದಾಗುತ್ತಾ, ಖಾರ ತಿಂದರೆ ಉರಿಯುತ್ತಾ, ಕೆನ್ನೆಯ ಒಳಗೆ ಬಿಳಿಚಿ ಬಿಗಿಯಾದ ಪಟ್ಟಿಗಳು ಕೈಗೆ ಸಿಕ್ಕರೆ ತಪ್ಪು ಕೀಲಿನದಲ್ಲ. ಅಡಿಕೆಯಿಂದ ಆಗುವ ಬಿಗಿತ ಅದು. ಮುಂದೆ ಕ್ಯಾನ್ಸರ್ ಆಗುವ ಅಪಾಯವಿದೆ. ದವಡೆ ಕೀಲು ನೋಡುತ್ತಾ ಕೂತು ಇದನ್ನು ಬಿಟ್ಟುಬಿಡಬಾರದು. ಪ್ರತಿಯೊಬ್ಬರ ಕೆನ್ನೆ ಒಳಗೆ ಬೆರಳಾಡಿಸಿ ನೋಡಿ.

ಕೊಳ್ಳಬೇಡಿ

ಸ್ಟೆತಾಸ್ಕೋಪ್ ಇಟ್ಟರೆ ಕೂದಲು ಉಜ್ಜಿದ ಸದ್ದೂ ಕರಕರ ಎನ್ನುತ್ತದೆ. ಕೀಲಿನ ಕಂಪನ ಹಿಡಿಯುವ ದುಬಾರಿ ಯಂತ್ರಗಳು ಗೆರೆಗಳನ್ನು ಚೆನ್ನಾಗಿ ತೋರಿಸುತ್ತವೆ, ಆದರೆ ಅವನ್ನಷ್ಟೇ ನೋಡಿ ರೋಗ ನಿರ್ಧರಿಸಲಾಗದು. ಮುಖದ ಆಕಾರ ಚಂದ ಮಾಡುತ್ತೇವೆಂದು ಆನ್‌ಲೈನ್‌ನಲ್ಲಿ ಮಾರುವ ರಬ್ಬರ್ ಚೆಂಡುಗಳಂತೂ ಟಕ್ ಇರುವವರ ಬಾಯಿಗೆ ಬೇಡವೇ ಬೇಡ. ದವಡೆ ಎಳೆದು ಕೂರಿಸುತ್ತೇವೆ ಎನ್ನುವವರ ಕೈಗೂ ಕೊಡಬೇಡಿ.

ಬೆರಳಿಗೂ ಮಿತಿ ಇದೆ. ಡಿಸ್ಕ್ ಸರಿದು ಮತ್ತೆ ಕೂರುವುದು ಎಂಆರ್‌ಐನಲ್ಲಿ ಕಂಡ 100 ಕೀಲುಗಳಲ್ಲಿ ಈ ಪರೀಕ್ಷೆಗೆ ಸಿಗುವುದು ಸುಮಾರು 34. ಆದರೆ ಆ ತೊಂದರೆ ಇಲ್ಲದ 100ರಲ್ಲಿ 92ನ್ನು ಸರಿಯಾಗಿಯೇ ಇಲ್ಲ ಎನ್ನುತ್ತದೆ. ಹಾಗಾಗಿ ನೋವು, ಸಿಕ್ಕಿಕೊಳ್ಳುವುದು ಇದ್ದರೆ, ಸದ್ದು ಸಿಗಲಿಲ್ಲವೆಂದು ಮುಗಿಸಬೇಡಿ. ಉಲ್ಟಾ, ನೋವಿಲ್ಲದ, ಬಾಯಿ ಚೆನ್ನಾಗಿ ತೆರೆಯುವ ಟಕ್‌ಗೆ ಔಷಧ, ಆಪರೇಷನ್ ಏನೂ ಬೇಡ. ಇದನ್ನು ರೋಗಿಗೆ ಸ್ಪಷ್ಟವಾಗಿ ಹೇಳಿ, ಅರ್ಧ ಭಯ ಅಲ್ಲೇ ಹೋಗುತ್ತದೆ. ರೊಟ್ಟಿಯನ್ನು ಪಲ್ಯದಲ್ಲೋ ಸಾರಿನಲ್ಲೋ ನೆನೆಸಿ ತಿನ್ನಲಿ.

ತೋರಿಸಲೇಬೇಕಾದವರು ಕಲಬುರಗಿ ಅಥವಾ ಬೀದರ್‌ನ ಡೆಂಟಲ್ ಕಾಲೇಜಿಗೆ ಹೋಗಿ, ಓರಲ್ ಮೆಡಿಸಿನ್ ವಿಭಾಗ ಎಂದು ಕೇಳಿ. ಕಡೆ, ಸದ್ದಿನ ಥರ, ಮಿಲಿಮೀಟರ್, ನೋವು ಇದೆಯೋ ಇಲ್ಲವೋ, ಇಷ್ಟನ್ನು ಚೀಟಿಯಲ್ಲಿ ಬರೆದು ತಾರೀಖು ಹಾಕಿ ಒಯ್ಯಿರಿ.