ಇಸ್ಪೀಟ್ ಆಡೋ ಅಭ್ಯರ್ಥಿಗೆ ವೋಟ್ ಹಾಕಬಹುದಾ? ಸಣ್ಣ ತಪ್ಪನ್ನು ತೂಗೋದು ಹೀಗೆ

ನಮ್ಮೂರು ಜಮಖಂಡಿ ತಾಲೂಕಿನಲ್ಲಿದೆ. ಕೆಲವು ವರ್ಷಗಳ ಹಿಂದೆ ಪಂಚಾಯ್ತಿ ಚುನಾವಣೆಗೆ ಇಬ್ಬರು ನಿಂತಿದ್ದರು. ಒಬ್ಬ ದೀಪಾವಳಿ ಬಂತಂದ್ರೆ ಮೂರು ದಿನ ಇಸ್ಪೀಟ್ ಎಲೆ ಕೆಳಗಿಡದವನು, ಬಾಯಲ್ಲಿ ಸದಾ ಗುಟ್ಕಾ. ಇನ್ನೊಬ್ಬರು ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಚಹಾನೂ ಮುಟ್ಟದವರು. ‘ಅಂವ ಎಲಿ ಆಡ್ತಾನ, ಅವಗ ಹಾಕಬ್ಯಾಡ್ರಿ’ ಅಂತ ನಮ್ಮ ಕಾಕಾ ಮನೆಮನೆಗೆ ಹೋಗಿ ಹೇಳಿದರು. ನಾನೂ ಆ ಮಾತು ಕೇಳಿಯೇ ವೋಟ್ ಹಾಕಿದೆ. ಗೆದ್ದ ಆ ವಿಭೂತಿಯವರು, ಸರ್ಕಾರದ ಮನೆ ಮಂಜೂರಾದ ಒಬ್ಬ ವಿಧವೆಯ ಹತ್ತಿರ ಕಂತು ಬಿಡಿಸೋಕೆ ರೊಕ್ಕ ಕೇಳಿದರು. ಆಕೆ ಅಳುತ್ತ ನಮ್ಮ ಮನೆಗೆ ಬಂದು ಹೇಳಿದಾಗ ಕಾಕಾಗೆ ತಲೆ ಎತ್ತೋಕೆ ಆಗಲಿಲ್ಲ, ನನಗೂ ಅಷ್ಟೇ.

ಅವತ್ತಿನಿಂದ ನಾನು ಯಾವ ತಪ್ಪು ಕೇಳಿದರೂ ಮೊದಲು ಒಂದೇ ಪ್ರಶ್ನೆ ಹಾಕುತ್ತೇನೆ. ಇದರಿಂದ ಕಳೆದುಕೊಂಡವರು ಯಾರು?

ತನ್ನ ದುಡ್ಡಲ್ಲಿ ಹಬ್ಬಕ್ಕೆ ಎಲೆ ಆಡಿ ಸೋತರೆ ಕಳೆದುಕೊಂಡವನು ಅವನೇ. ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಅಡಿ ಕೇಸ್ ಬಿದ್ದಿರಬಹುದು, ಇರಲಿ, ಅದಕ್ಕೇ ಅವನನ್ನ ತಳ್ಳಿಹಾಕಬೇಡಿ. ಆದರೆ ಓಸಿ, ಅಂದರೆ ನಂಬರ್ ಮೇಲೆ ದುಡ್ಡು ಕಟ್ಟಿಸೋ ಮಟ್ಕಾ, ಬರೆಸಿಕೊಳ್ಳುವವನು ಬೇರೆ. ಅದು 78ನೇ ಕಲಂ, ಅಲ್ಲಿ ಹೋಗೋದು ಕೂಲಿಯವರ ದಿನದ ಪಗಾರ. ಎರಡನ್ನೂ ಜನ ‘ಜೂಜು’ ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತಾರೆ. ಕುಡಿತಕ್ಕೂ ಇದೇ ಲೆಕ್ಕ, ಮನೆಯಲ್ಲಿ ಕುಡಿದು ಮಲಗುವವನು ಬೇರೆ, ಕುಡಿದು ಗಾಡಿ ಓಡಿಸುವವನು ಬೇರೆ. ಬೇರೆ ಜಾತಿಯವರನ್ನ ಮದುವೆಯಾದ, ಡೈವೋರ್ಸ್ ಆಯ್ತು, ಗುಡಿಗೆ ಹೋಗಲ್ಲ ಅನ್ನೋದನ್ನೆಲ್ಲ ಪಕ್ಕಕ್ಕಿಡಿ. ಹೆಂಡತಿಗೆ ಹೊಡೀತಾನೆ ಅನ್ನೋದನ್ನ ಮಾತ್ರ ‘ಅವರ ಮನೆ ವಿಷಯ’ ಅಂತ ಬಿಡಬೇಡಿ.

ಈ ವಿಷಯದಲ್ಲಿ ಕಾನೂನಿಗೂ ಒಂದು ತಕ್ಕಡಿ ಇದೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 8ನೇ ಕಲಂ ಪ್ರಕಾರ, ಸಾಮಾನ್ಯವಾಗಿ 2 ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ವಿಧಾನಸಭೆ, ಲೋಕಸಭೆ ಚುನಾವಣೆಗೆ ನಿಲ್ಲುವಂತಿಲ್ಲ, ಬಿಡುಗಡೆಯಾದ ಮೇಲೂ 6 ವರ್ಷ. ವರದಕ್ಷಿಣೆ ಕಾಯ್ದೆಯಡಿ ಆದರೆ 6 ತಿಂಗಳ ಶಿಕ್ಷೆಯೇ ಸಾಕು. ಅಸ್ಪೃಶ್ಯತೆ ಆಚರಿಸಿದ್ದಕ್ಕೆ ಬರೀ ದಂಡ ಬಿದ್ದರೂ 6 ವರ್ಷ ಹೊರಗೆ. ನಮ್ಮ ಕಟ್ಟೆ ಮೇಲೆ ವರದಕ್ಷಿಣೆಯನ್ನ ಯಾರೂ ತಪ್ಪು ಅಂತ ಎಣಿಸುವುದೇ ಇಲ್ಲ, ಗುಟ್ಕಾ ಬಗ್ಗೆ ಮಾತ್ರ ಗಂಟೆಗಟ್ಟಲೆ ಮಾತು. ನನಗೆ ಇದು ನಿಜಕ್ಕೂ ಬೇಜಾರು.

ಮುಂದಿನ ಕೆಲಸ ಅಫಿಡವಿಟ್ ಓದೋದು. ವಿಧಾನಸಭೆ, ಲೋಕಸಭೆಗೆ ನಿಲ್ಲುವವರು ನಾಮಪತ್ರದ ಜೊತೆ ನಮೂನೆ 26ರಲ್ಲಿ ಕೇಸು, ಆಸ್ತಿ, ಸಾಲ ಎಲ್ಲ ಬರೆದು ಕೊಡಬೇಕು. 2002ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಮಗೆ ಸಿಕ್ಕ ಹಕ್ಕು ಇದು. ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಎಷ್ಟು ಕೇಸು ಅಂತ ಎಣಿಸಬೇಡಿ, ಕಲಂ ನೋಡಿ. ಕಬ್ಬಿನ ಬಿಲ್ಲಿಗಾಗಿ ರಸ್ತೆ ತಡೆದವರ ಮೇಲೆ ನಮ್ಮ ಕಡೆ ಹಳೆ ಐಪಿಸಿಯ (ಭಾರತೀಯ ದಂಡ ಸಂಹಿತೆಯ) 143 (ಅಕ್ರಮ ಕೂಟ), 341 (ದಾರಿ ತಡೆ) ಬೀಳ್ತಿದ್ದದ್ದು ಹೊಸದೇನಲ್ಲ, ಅಂಥ ಕೇಸು ಹತ್ತಿದ್ದರೂ ನಾನು ಹೆದರಲ್ಲ, ಕೆಲವೊಮ್ಮೆ ಅದು ನಮ್ಮ ಪರ ನಿಂತದ್ದಕ್ಕೆ ಗುರುತು. ಒಂದೇ ಒಂದು 420 ಅಥವಾ 406 ಇದ್ದರೆ ನಿಲ್ಲಿ. ಮೋಸ, ನಂಬಿಕೆದ್ರೋಹ, ಅಂದರೆ ಯಾರದೋ ದುಡ್ಡು ಹೋಗಿದೆ ಅನ್ನೋ ದೂರು. 498ಎ ಅಂದರೆ ಹೆಂಡತಿಗೆ ಕ್ರೌರ್ಯ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಹೊಸ ಕೇಸುಗಳಲ್ಲಿ 420ರ ಜಾಗದಲ್ಲಿ 318(4), 498ಎ ಜಾಗದಲ್ಲಿ 85 ಇರುತ್ತದೆ. ಕೇಸ್ ಬಿದ್ದ ಮಾತ್ರಕ್ಕೆ ತಪ್ಪು ಸಾಬೀತಾಗಲ್ಲ, ಅದೂ ನೆನಪಿರಲಿ.

ಕೇಸೇ ಇಲ್ಲದ ತಪ್ಪುಗಳು ಸಾಲದ ಪುಟದಲ್ಲಿ ಸಿಗಬಹುದು. ಪತ್ತಿನ ಸಹಕಾರಿ ಸಂಘಕ್ಕೆ ತಾವೇ ನಿರ್ದೇಶಕರಾಗಿದ್ದು, ಅಲ್ಲಿಂದಲೇ ಸಾಲ ಎತ್ತಿ ಕಟ್ಟದವರನ್ನ ನಾವು ‘ಸಾವ್ಕಾರ್ರು’ ಅಂತ ಕರೆದು ಕುರ್ಚಿ ಹಾಕುತ್ತೇವೆ. ಅಲ್ಲಿ ಠೇವಣಿ ಇಟ್ಟ ನಿವೃತ್ತ ಮಾಸ್ತರು ಮಗಳ ಮದುವೆಗೆ ದುಡ್ಡು ಸಿಗದೆ ಅಲೆಯುತ್ತಾರೆ. ಇದಕ್ಕಿಂತ ಎಲೆ ಆಟ ದೊಡ್ಡದಾ, ಹೇಳಿ.

ಆಮೇಲೆ ಪ್ರಚಾರಕ್ಕೆ ಬಾಗಿಲಿಗೆ ಬಂದಾಗ ನೇರ ಕೇಳಿ. ‘ಸಾಹೇಬ್ರ, ಆ ಕೇಸ್ ಏನಾತ್ರಿ?’ ಇಷ್ಟೇ ಸಾಕು. ‘ಹೌದ್ರಿ, ಆಗ ತಪ್ಪಾತು, ದಂಡ ಕಟ್ಟೇನಿ’ ಅಂದವರಿಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ಕೇಳಿದವರ ಮೇಲೇ ಹರಿಹಾಯುವವರು ನಾಳೆ ಕಚೇರಿಯಲ್ಲೂ ಹಾಗೇ ಮಾಡ್ತಾರೆ. ಅಫಿಡವಿಟ್‌ನಲ್ಲಿ ಬೇಕಂತಲೇ ಮುಚ್ಚಿಟ್ಟಿದ್ದರೆ ತಪ್ಪು ಎಷ್ಟೇ ಸಣ್ಣದಾಗಿದ್ದರೂ ಬಿಡಬೇಡಿ. ಆ ಮುಚ್ಚಿಟ್ಟಿದ್ದಕ್ಕೇ 6 ತಿಂಗಳವರೆಗೆ ಜೈಲು ಆಗಬಹುದು. ಪಕ್ಷದವರನ್ನೂ ಕೇಳಿ. ಕೇಸ್ ಇರುವವರಿಗೆ ಟಿಕೆಟ್ ಕೊಟ್ಟರೆ ಕಾರಣ ಪ್ರಕಟಿಸಬೇಕು, ‘ಗೆಲ್ತಾರೆ’ ಅನ್ನೋದೊಂದೇ ಕಾರಣ ನಡೆಯಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಷ್ಟ ಇರೋದು ನಮ್ಮ ಜಾತಿಯವರು, ನಮ್ಮ ಬೀಗರು ನಿಂತಾಗ. ಆಗ ನಾಲ್ಕು ಜನ ಕಟ್ಟೆಗೆ ಕೂತು, ಒಬ್ಬರು ಅಫಿಡವಿಟ್ ಹಿಡಿದು ಹೆಸರು, ಊರು, ಪಕ್ಷ ಬಿಟ್ಟು ಉಳಿದದ್ದನ್ನ ಜೋರಾಗಿ ಓದಲಿ. ಯಾರಿಗೆ ಹಾಕ್ತೀರಿ ಅಂತ ಎಲ್ಲರೂ ಹೇಳಿ ಮುಗಿಸಲಿ. ಹೆಸರು ಕೊನೆಗೆ ಹೇಳಿ.